ಬುಧವಾರ ರಾತ್ರಿ ಹತ್ತು ಗಂಟೆಯ ಫೋನ್

ನಾನು ಕಳಿಸಿದ ಗೂಗಲ್ ಫಾರ್ಮ್‌ಗೆ ಬಂದ ಉತ್ತರಗಳು ಹೆಚ್ಚುಕಮ್ಮಿ ಒಂದೇ ಥರ ಇದ್ದವು. ‘ಎರಡೂ ಚೆನ್ನಾಗಿವೆ.’ ‘ಎರಡರಲ್ಲೂ ಲಾಭ ಇದೆ.’ ಒಬ್ಬರು ಸುಮ್ನೆ ಒಂದು ಥಂಬ್ಸ್ ಅಪ್ ಹಾಕಿ ಕಳಿಸಿದ್ದರು. ಎಂ.ಎ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಅದು. ವಿಷಯ ನಾನೇ ಆರಿಸಿಕೊಂಡಿದ್ದೆ. ಮುಂಬಯಿಯಲ್ಲಿ ಡಿಗ್ರಿ ಓದುವ ನಮ್ಮ ಕನ್ನಡದ ಮಕ್ಕಳಿಗೆ ಲೈವ್ ಆನ್‌ಲೈನ್ ಕ್ಲಾಸ್ ಒಗ್ಗುತ್ತದೋ, ಬಿಡುವಾದಾಗ ನೋಡಿಕೊಳ್ಳುವ ರೆಕಾರ್ಡಿಂಗ್ ಒಗ್ಗುತ್ತದೋ ಅಂತ ತಿಳಿಯಬೇಕಿತ್ತು. 2023ರ ಜನವರಿ. ಕೈಯಲ್ಲಿ ಮೂರು ತಿಂಗಳು ಉಳಿದಿತ್ತು.

ಗೈಡ್ ಮೇಡಂ ಪ್ರಿಂಟ್‌ಔಟ್‌ನ ಪುಟಗಳನ್ನು ನಿಧಾನವಾಗಿ ತಿರುಗಿಸಿದರು. ‘ಎಲ್ಲರೂ ನಿನಗೆ ಮರ್ಯಾದೆ ಕೊಟ್ಟಿದ್ದಾರೆ, ಮನಸ್ಸಿನಲ್ಲಿದ್ದದ್ದನ್ನು ಯಾರೂ ಬರೆದಿಲ್ಲ’ ಅಂದರು. ‘ಹೋಗಿ ಅವರ ಜೊತೆ ಕೂತು ಮಾತಾಡು. ಯಾವುದು ಇಷ್ಟ ಅಂತ ಕೇಳಲೇಬೇಡ. ಹೋದ ಸಲ ಪಾಠ ಕೇಳಿದ್ದು ಎಷ್ಟು ಗಂಟೆಗೆ, ಎಲ್ಲಿ ಕೂತು, ಆಗ ಮನೆಯಲ್ಲಿ ಯಾರು ಏನು ಮಾಡುತ್ತಿದ್ದರು, ಅದನ್ನು ಕೇಳು.’

ಮನೆಗೆ ಬಂದು ಆ ಪ್ರಶ್ನೆಗಳನ್ನು ಮೊದಲು ನನಗೇ ಕೇಳಿಕೊಂಡೆ.

ನಮ್ಮದು ಡೊಂಬಿವಲಿಯಲ್ಲಿ ಒಂದು ರೂಮು, ಒಂದು ಅಡುಗೆಮನೆ. 2020ರ ಮಾರ್ಚ್ 22ರ ರಾತ್ರಿಯಿಂದ ಲೋಕಲ್ ಟ್ರೇನ್ ನಿಂತವು. ಮುಂಬಯಿಯಲ್ಲಿ ಲೋಕಲ್ ನಿಂತರೆ ಊರೇ ನಿಂತ ಹಾಗೆ. ನಾನಾಗ ಬಿ.ಎ. ಎರಡನೇ ವರ್ಷ. ಆಮೇಲೆ ಝೂಮ್ ಕ್ಲಾಸ್ ಶುರುವಾಯಿತು. ಪುಕ್ಕಟೆ ಝೂಮ್‌ನಲ್ಲಿ 40 ನಿಮಿಷಕ್ಕೆ ಮೀಟಿಂಗ್ ಕಡಿದುಹೋಗುತ್ತದೆ. ಮತ್ತೆ ಲಿಂಕ್, ಮತ್ತೆ ‘ಕೇಳಿಸ್ತಿದೆಯಾ?’ ಮನೆಯಲ್ಲಿ ಇದ್ದದ್ದು ಒಂದೇ ಒಳ್ಳೆ ಫೋನು, ಅದಕ್ಕೆ ತಮ್ಮನೂ ಪಾಲುದಾರ. ಅಷ್ಟೆಲ್ಲಾ ಕಷ್ಟ ಇದ್ದರೂ ನಾನು ಒಂದು ಕ್ಲಾಸೂ ಬಿಡಲಿಲ್ಲ. ನಮ್ಮ ಇತಿಹಾಸದ ಮೇಡಂ ಶುರುವಿಗೆ ಎಲ್ಲರ ಹೆಸರು ಕರೆಯುತ್ತಿದ್ದರು. ನನ್ನ ಸರದಿ ಬಂದಾಗ ‘ಎಸ್ ಮ್ಯಾಮ್’ ಅನ್ನಬೇಕಿತ್ತು. ಬಾಗಿಲಾಚೆ ಆಂಬ್ಯುಲೆನ್ಸ್ ಕೂಗುತ್ತಿದ್ದ ಆ ದಿನಗಳಲ್ಲಿ, ಯಾರೋ ನನ್ನ ಹೆಸರು ಕರೆದು ನಾನು ಇದ್ದೇನೆ ಅಂತ ಖಾತ್ರಿ ಮಾಡಿಕೊಳ್ಳುವುದು ಎಷ್ಟು ದೊಡ್ಡ ವಿಷಯ ಅಂತ ನನಗೆ ಈಗ ಅರ್ಥವಾಗುತ್ತದೆ.

2021ರ ಕೊನೆಗೆ ಎಂ.ಎ. ಸೇರಿದೆ. ಜೊತೆಗೆ ದಾದರ್‌ನಲ್ಲಿ ಅರ್ಧ ದಿನದ ಕೆಲಸ. ಕೆಲವು ಕ್ಲಾಸು ಇನ್ನೂ ಆನ್‌ಲೈನ್ ಇದ್ದವು. ಅವನ್ನು ಟ್ರೇನಿನಲ್ಲೇ ಕೇಳುತ್ತಿದ್ದೆ. ಆಗ ಫಾಸ್ಟ್ ಲೋಕಲ್ ಪಾರಸಿಕ್ ಸುರಂಗದೊಳಗೆ ಹೋಗುತ್ತಿತ್ತು. ಸುರಂಗ ಹೊಕ್ಕರೆ ಮೇಷ್ಟರ ದನಿ ಅರ್ಧದಲ್ಲೇ ತುಂಡು. ಹೊರಗೆ ಬರುವಷ್ಟರಲ್ಲಿ ಅವರು ಮುಂದಿನ ಮಾತಿಗೆ ಹೋಗಿರುತ್ತಿದ್ದರು. ಲೈವ್ ಕ್ಲಾಸಿನಲ್ಲಿ ಕಳೆದುಹೋದ ವಾಕ್ಯ ಕಳೆದೇ ಹೋಯಿತು. ಅದಕ್ಕೇ 2022ರ ಜುಲೈಯಲ್ಲಿ ಕೇಂದ್ರ ಸರಕಾರದ ಆನ್‌ಲೈನ್ ಕೋರ್ಸುಗಳ ಸ್ವಯಂ ಪೋರ್ಟಲ್‌ನಲ್ಲಿ 12 ವಾರದ ಒಂದು ರೆಕಾರ್ಡಿಂಗ್ ಕೋರ್ಸಿಗೆ ಸೇರಿಕೊಂಡೆ. ಬೇಕಾದಾಗ ನೋಡಬಹುದಲ್ವಾ ಅನ್ನುವ ಖುಷಿ. ಮೊದಲ ವಾರ ಎಲ್ಲಾ ವಿಡಿಯೋ ಅವತ್ತವತ್ತೇ ನೋಡಿದೆ. ಮೂರನೇ ವಾರ ಭಾನುವಾರಕ್ಕೆ ಒಟ್ಟು ಮಾಡಿಟ್ಟೆ. ಐದನೇ ವಾರ ಗಣಪತಿ ಹಬ್ಬ ಬಂತು. ಆಮೇಲೆ ಆ ಪುಟ ತೆರೆಯಲೇ ಇಲ್ಲ. ಬಿಟ್ಟೆ ಅಂತ ನಾನು ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಇಷ್ಟನ್ನು ಡೈರಿಯಲ್ಲಿ ಬರೆದುಕೊಂಡು ಜನರನ್ನು ಹುಡುಕಲು ಹೊರಟೆ. ಮಾಟುಂಗದ ಮೈಸೂರು ಅಸೋಸಿಯೇಷನ್‌ನಲ್ಲಿ ಒಂದು ಭಾನುವಾರದ ಕಾರ್ಯಕ್ರಮ ಮುಗಿದ ಮೇಲೆ ಕಾಫಿ ಸಾಲಿನಲ್ಲಿ ನಿಂತೇ ನಾಲ್ಕು ಜನರ ನಂಬರ್ ತಗೊಂಡೆ. ಅವರಿಂದ ಇನ್ನಷ್ಟು ಜನ ಸಿಕ್ಕರು. ಎಲ್ಲರ ಮಾತೂ ಇಲ್ಲಿ ಬರೆಯುವುದಿಲ್ಲ. ನನ್ನನ್ನು ಕದಲಿಸಿದ್ದನ್ನು ಮಾತ್ರ ಬರೆಯುತ್ತೇನೆ.

ಮೊದಲು ಸಿಕ್ಕವಳು ಬಿ.ಕಾಂ. ಕೊನೆ ವರ್ಷದ ಹುಡುಗಿ. ಏಳನೇ ಕ್ಲಾಸಿನವರೆಗೆ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಓದಿದವಳು. ಮುಂಬಯಿ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಎಂಟನೇ ಕ್ಲಾಸಿಗೆ ಇಂಗ್ಲಿಷ್ ಮೀಡಿಯಮ್ಮಿಗೆ ಬಂದಿದ್ದಳು. ಅವಳಿಗೆ ರೆಕಾರ್ಡಿಂಗ್ ಅಂದರೆ ಪ್ರಾಣ. ಯಾಕೆ ಅಂದಾಗ ತನ್ನ ನೋಟ್‌ಬುಕ್ ತೋರಿಸಿದಳು. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡದಲ್ಲಿ ಅದರ ಅರ್ಥ, ಪಕ್ಕದಲ್ಲಿ ವಿಡಿಯೋ ಎಷ್ಟನೇ ನಿಮಿಷದಲ್ಲಿ ಆ ಪದ ಬಂತು ಅಂತ.

‘ಲೈವ್‌ನಲ್ಲಿ ಸರ್ ಒಂದು ಪದ ಹೇಳಿದಾಗ ನಾನು ಅದರ ಅರ್ಥ ಯೋಚಿಸ್ತಾ ಇರ್ತೀನಿ. ಅಷ್ಟೊತ್ತಿಗೆ ಅವರು ಮುಂದಿನ ಮೂರು ವಾಕ್ಯ ಹೇಳಿ ಆಗಿರುತ್ತೆ. ಕೈ ಎತ್ತಿ ಆ ಪದ ಅಂದ್ರೇನು ಅಂತ ಕೇಳೋಕೆ ಎಪ್ಪತ್ತು ಜನರ ಮುಂದೆ ಆಗಲ್ಲ. ರೆಕಾರ್ಡಿಂಗ್‌ನಲ್ಲಿ ಸರ್‌ನ ನಿಲ್ಲಿಸಿ ಕೂರಿಸಬಹುದು. ಎಷ್ಟು ಸಲ ಹಿಂದೆ ಹೋದರೂ ಅವರಿಗೆ ಬೇಜಾರಾಗಲ್ಲ.’

ಡಿಫರ್ಡ್ ಟ್ಯಾಕ್ಸ್ ಅನ್ನುವ ಒಂದು ಪಾಠವನ್ನು ಅವಳು ನಾಲ್ಕು ಸಲ ನೋಡಿದ್ದಳಂತೆ. ಮೊದಲ ಸಲ ಪದಕ್ಕೆ, ಎರಡನೇ ಸಲ ಅರ್ಥಕ್ಕೆ, ಮೂರನೇ ಸಲ ಲೆಕ್ಕಕ್ಕೆ. ನಾಲ್ಕನೇ ಸಲ ಅರ್ಥವಾಯಿತು ಅನ್ನುವ ಖುಷಿಗೆ, ಒಂದೂವರೆ ಪಟ್ಟು ವೇಗದಲ್ಲಿ. ಸ್ವಯಂನಲ್ಲಿ ಐಐಟಿಯ ಮೇಷ್ಟರುಗಳ ಪಾಠ ಹಾಕುವ ಎನ್‌ಪಿಟಿಇಎಲ್ ಈಗ ಕೆಲವು ಕೋರ್ಸುಗಳ ಪಾಠವನ್ನು ಕನ್ನಡ ಅಕ್ಷರದಲ್ಲೂ ಕೊಡುತ್ತದೆ ಅಂತ ನಾನು ಹೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಅಲ್ಲೇ ಫೋನ್ ತೆಗೆದು ಹುಡುಕತೊಡಗಿದಳು. ಭಾಷೆ ಬದಲಿಸಿ ಓದುವ ಮಕ್ಕಳಿಗೆ ಈ ನಿಲ್ಲಿಸುವ ಗುಂಡಿ ಎಷ್ಟು ದೊಡ್ಡ ಆಸರೆ! ಲೈವ್ ಕ್ಲಾಸೇ ಮೇಲು ಅನ್ನುವ ಮೇಷ್ಟರುಗಳೆಲ್ಲ ಒಮ್ಮೆ ಅವಳ ನೋಟ್‌ಬುಕ್ ನೋಡಬೇಕು.

ನೆರುಳ್‌ನ ಎಂಜಿನಿಯರಿಂಗ್ ಹುಡುಗ ಮಾತ್ರ ತನಗೆ ಲೈವೇ ಬೇಕು ಅಂದ. ಸರಿ, ಹೋದ ಲೈವ್ ಕ್ಲಾಸಿನಲ್ಲಿ ಏನು ಮಾಡುತ್ತಿದ್ದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ನಿಜ ಹೇಳಿದ. ಲ್ಯಾಪ್‌ಟಾಪ್‌ನಲ್ಲಿ ಕ್ಲಾಸ್ ಹಾಕಿ, ಕ್ಯಾಮೆರಾ ಮುಚ್ಚಿ, ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದನಂತೆ. ‘ಹಾಜರಿ ಬೀಳ್ತಿತ್ತು ಅಕ್ಕ. ಪರೀಕ್ಷೆಗೆ ಯೂಟ್ಯೂಬ್ ನೋಡಿಯೇ ಓದಿದ್ದು.’

ನನ್ನ ಮನಸ್ಸಿನಲ್ಲಿ ಜಾಸ್ತಿ ದಿನ ಉಳಿದವಳು ಭಾಂಡುಪ್‌ನ ಹುಡುಗಿ. ಚಾಳಿನ ಒಂದೇ ಖೋಲಿಯಲ್ಲಿ ಐದು ಜನ. ಬೆಳಗ್ಗೆ ನೀರು ಬರುವ ಹೊತ್ತಿಗೇ ಲೈವ್ ಕ್ಲಾಸ್. ಒಂದು ದಿನವೂ ಅವಳು ಮೈಕ್ ಆನ್ ಮಾಡಿರಲಿಲ್ಲ, ಕೊಡ ಬಕೆಟಿನ ಸದ್ದು ಎಲ್ಲರಿಗೂ ಕೇಳಿಸುತ್ತದೆ ಅಂತ. ಇವಳು ಖಂಡಿತ ರೆಕಾರ್ಡಿಂಗ್ ಬೇಕು ಅನ್ನುತ್ತಾಳೆ ಅಂದುಕೊಂಡು ಪೆನ್ ಹಿಡಿದು ಕೂತಿದ್ದೆ. ಅವಳು ಬೇರೆಯೇ ಹೇಳಿದಳು.

‘ಲೈವ್ ಇದ್ದಾಗ ಒಂಬತ್ತರಿಂದ ಹನ್ನೊಂದು ನನ್ನದಾಗಿತ್ತು. ಯಾರಾದರೂ ಕರೆದರೆ ಅಮ್ಮನೇ, ಅವಳಿಗೆ ಕ್ಲಾಸ್ ಇದೆ ಅಂತಿದ್ದಳು. ಮಿಕ್ಸಿ ಕೂಡ ಹಾಕ್ತಿರಲಿಲ್ಲ. ಎರಡನೇ ಸೆಮಿಸ್ಟರಿಗೆ ಎಲ್ಲಾ ರೆಕಾರ್ಡಿಂಗ್ ಮಾಡಿ ಹಾಕಿದ್ರು. ಯಾವಾಗ ಬೇಕಾದ್ರೂ ನೋಡಬಹುದು ಅಂತ ನಾನೇ ಮನೆಯಲ್ಲಿ ಹೇಳಿಬಿಟ್ಟೆ. ಅವತ್ತಿಂದ, ಅದನ್ನ ಆಮೇಲೆ ನೋಡಿದ್ರಾಯ್ತು, ಮೊದಲು ತಮ್ಮನಿಗೆ ಡಬ್ಬಿ ಕಟ್ಟು ಅಂತ ಶುರುವಾಯ್ತು. ಎಲ್ಲರೂ ಮಲಗಿದ ಮೇಲೆ ಹನ್ನೊಂದೂವರೆಗೆ ನೋಡೋಕೆ ಕೂರ್ತಿದ್ದೆ. ಹತ್ತು ನಿಮಿಷಕ್ಕೆ ನಿದ್ದೆ.’

ನಾನು ಬರೆಯುವುದನ್ನು ನಿಲ್ಲಿಸಿದೆ. ನಿನ್ನ ಸಮಯದಲ್ಲಿ ನೀನು ಕಲಿ ಅಂತ ಪೋರ್ಟಲ್‌ಗಳು ಹೇಳುತ್ತವೆ. ತನ್ನದು ಅನ್ನುವ ಸಮಯವೇ ಇಲ್ಲದವರು ಏನು ಮಾಡಬೇಕು? ಟೈಮ್ ಟೇಬಲ್ಲು ಅವಳ ಸುತ್ತ ಒಂದು ಗೋಡೆ ಕಟ್ಟಿ ಕೊಟ್ಟಿತ್ತು. ಆ ಗೋಡೆಯೊಳಗೆ ಎರಡು ಗಂಟೆ ಅವಳು ಬರೀ ವಿದ್ಯಾರ್ಥಿ. ರೆಕಾರ್ಡಿಂಗ್ ಬಂದ ದಿನ ಗೋಡೆ ಬಿತ್ತು. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ವಾಪಸ್ ಬರುವಾಗ ಭಾಂಡುಪ್ ಸ್ಟೇಷನ್ನಿನಲ್ಲಿ ಎರಡು ಟ್ರೇನ್ ಬಿಟ್ಟು ಬೆಂಚಿನ ಮೇಲೆ ಕೂತಿದ್ದೆ. ಅದೇ ವಾರ ಬೇರೆ ಹುಡುಗಿಯರಿಗೂ ಈ ಪ್ರಶ್ನೆ ಕೇಳಿದೆ. ಕೇಳಿದ್ದೇ ತಡ, ಅವರ ಮನೆಗಳಿಂದಲೂ ಇಂಥದೇ ಕಥೆಗಳು ಹೊರಗೆ ಬಂದವು. ಹುಡುಗರು ಯಾರೂ ಈ ಮಾತು ಎತ್ತಲಿಲ್ಲ.

ಗೈಡ್ ಮೇಡಂ ಒಂದಷ್ಟು ಓದಲು ಕೊಟ್ಟಿದ್ದರು. ಅದರಲ್ಲಿ ಎರಡು ವಿಷಯ ನನಗೆ ಕೆಲಸಕ್ಕೆ ಬಂದವು. ಮೈಕಲ್ ಮೂರ್ ಅನ್ನುವ ಶಿಕ್ಷಣ ತಜ್ಞರು ದೂರ ಶಿಕ್ಷಣದಲ್ಲಿ ‘ದೂರ’ ಅಂದರೆ ಮೈಲಿಯ ಲೆಕ್ಕ ಅಲ್ಲ ಅನ್ನುತ್ತಾರೆ. ಕಲಿಸುವವರಿಗೂ ಕಲಿಯುವವರಿಗೂ ಮಾತುಕತೆ ಎಷ್ಟಿದೆ, ಪಾಠದ ಚೌಕಟ್ಟು ಎಷ್ಟು ಬಿಗಿ ಇದೆ, ಇವುಗಳ ಮೇಲೆ ಆ ದೂರ ನಿಂತಿದೆ. ಮಾತುಕತೆ ಕಡಿಮೆಯಾಗಿ ಚೌಕಟ್ಟು ಬಿಗಿಯಾದಷ್ಟೂ ದೂರ ಜಾಸ್ತಿ. ದೂರ ಜಾಸ್ತಿಯಾದಷ್ಟೂ ಕಲಿಯುವವನು ತನ್ನನ್ನು ತಾನೇ ಎಳೆದುಕೊಂಡು ಹೋಗಬೇಕು. ಹೀಗೆ ನೋಡಿದರೆ ನೆರುಳ್‌ನ ಹುಡುಗ ಲೈವ್‌ನಲ್ಲಿ ಕೂತೇ ಬಹಳ ದೂರ ಇದ್ದ.

ಇನ್ನೊಂದು, ಅಮೆರಿಕದ ಎಂಐಟಿ ಮತ್ತು ಹಾರ್ವರ್ಡ್‌ನವರು ಎಡ್‌ಎಕ್ಸ್ ಅನ್ನುವ ಆನ್‌ಲೈನ್ ತಾಣದಲ್ಲಿ ಕೊಟ್ಟ ಕೋರ್ಸುಗಳ ಲೆಕ್ಕ. ‘ಸೈನ್ಸ್’ ಪತ್ರಿಕೆಯಲ್ಲಿ 2019ರಲ್ಲಿ ಬಂದದ್ದು. 2017-18ರಲ್ಲಿ ಸೇರಿದವರಲ್ಲಿ ನೂರಕ್ಕೆ ಸುಮಾರು ಮೂರು ಜನ ಮಾತ್ರ ಕೋರ್ಸ್ ಮುಗಿಸಿದ್ದರು. ಸರ್ಟಿಫಿಕೇಟಿಗೆ ದುಡ್ಡು ಕಟ್ಟಿದವರಲ್ಲಿ ಮಾತ್ರ ಇದು ಅರ್ಧದ ಹತ್ತಿರ ಇತ್ತು. ಐದನೇ ವಾರಕ್ಕೆ ಬಿಟ್ಟ ನನ್ನಂಥವರು ಎಷ್ಟೊಂದು ಜನ! ಇದು ದೂರದ ದೇಶದ ಮಾತಲ್ಲ. 2016ರಲ್ಲಿ, ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ ಒಂದು ಸೆಮಿಸ್ಟರಿನ 20 ಶೇಕಡಾ ಕೋರ್ಸುಗಳವರೆಗೆ ಸ್ವಯಂನಿಂದ ಪಡೆಯಲು ಬಿಟ್ಟಿತ್ತು. 2021ರಲ್ಲಿ ಅದು 40 ಆಯಿತು. ನಮ್ಮ ಮಕ್ಕಳ ಡಿಗ್ರಿಯೇ ಇದರ ಮೇಲೆ ನಿಲ್ಲುವ ಕಾಲ ಬರುತ್ತಿದೆ.

ಕೊನೆಗೆ ಸಿಕ್ಕವನು ಫೋರ್ಟ್‌ನ ಒಂದು ಹೋಟೆಲಿನಲ್ಲಿ ಕ್ಯಾಶ್ ಕೌಂಟರ್ ನೋಡಿಕೊಳ್ಳುವ ಹುಡುಗ. ಊರು ಬೈಂದೂರಿನ ಕಡೆ. ದೂರ ಶಿಕ್ಷಣದಲ್ಲಿ ಬಿ.ಕಾಂ. ಓದುತ್ತಿದ್ದಾನೆ. ಜೊತೆಗೆ ತಾನಾಗೇ ಅಕೌಂಟಿಂಗ್‌ನ ಒಂದು ಎನ್‌ಪಿಟಿಇಎಲ್ ಕೋರ್ಸಿಗೆ ಸೇರಿದ್ದ. ಬೆಳಗ್ಗೆ ಆರಕ್ಕೆ ಹೋಟೆಲ್ ತೆರೆಯಬೇಕು. ಮಧ್ಯಾಹ್ನ ಮೂರರಿಂದ ಆರು ಬಿಡುವು. ಆಮೇಲೆ ರಾತ್ರಿ ಒಂಬತ್ತೂವರೆವರೆಗೆ ಮತ್ತೆ ಕೌಂಟರ್. ಆ ಮೂರು ಗಂಟೆಯಲ್ಲಿ ಊಟ, ನಿದ್ದೆ, ಬಟ್ಟೆ, ಓದು ಎಲ್ಲಾ ಆಗಬೇಕು. ಹೋಟೆಲಿನ ಅಟ್ಟದ ಮೇಲೆ ಹಾಸಿಗೆ ಸುರುಳಿಗೆ ಒರಗಿ ಡೌನ್‌ಲೋಡ್ ಮಾಡಿಟ್ಟ ವಿಡಿಯೋ ನೋಡುತ್ತಾನೆ.

‘ಲೈವ್ ನಮ್ಮಂಥವರಿಗೆ ಆಗೂದಿಲ್ಲ ಅಕ್ಕ. ಯಾವ ಮೇಷ್ಟ್ರು ಮೂರು ಗಂಟೆಗೇ ಕ್ಲಾಸ್ ಇಡ್ತಾರೆ?’ ಅಂದ. ‘ರೆಕಾರ್ಡಿಂಗ್ ಇಲ್ಲದಿದ್ದರೆ ನಾನು ಓದೂದೇ ಇಲ್ಲ.’

ಆ ಕೋರ್ಸಿನ ಲೆಕ್ಕ ಅವನಿಗೆ ಬಾಯಿಪಾಠ. 12 ವಾರ, 12 ಅಸೈನ್‌ಮೆಂಟ್. ಚೆನ್ನಾಗಿ ಮಾಡಿದ ಎಂಟನ್ನು ಹಿಡಿದು 25 ಅಂಕ. ಸೆಂಟರಿಗೆ ಹೋಗಿ ಬರೆಯುವ ಪರೀಕ್ಷೆಗೆ 75. ಪರೀಕ್ಷೆ ಫೀಸು ಆಗ 1000 ರೂಪಾಯಿ. ನೋಡುವುದಕ್ಕೆ ದುಡ್ಡಿಲ್ಲ. ಇಷ್ಟು ಗೊತ್ತಿದ್ದವನು ಹೋದ ಸಲ ಮೂರನೇ ವಾರಕ್ಕೇ ಬಿಟ್ಟಿದ್ದ. ಯಾಕೆ ಅಂದೆ.

‘ಒಂದು ವಾರ ಹೋಟೆಲಲ್ಲಿ ಜನ ಕಮ್ಮಿ ಇದ್ರು, ಎರಡು ಪಾಳಿ ನಂಗೇ ಬಂತು. ಅಸೈನ್‌ಮೆಂಟ್ ತಪ್ಪಿತು. ಮುಂದಿನ ವಾರ ಮಾಡುವ ಅಂದುಕೊಂಡೆ. ಬಿಟ್ಟದ್ದು ಯಾರಿಗೂ ಗೊತ್ತೇ ಆಗಲಿಲ್ಲ ಅಕ್ಕ. ಒಬ್ಬ ಮನುಷ್ಯ ಕೇಳಿದ್ರೆ ಸಾಕಿತ್ತು.’

ನಾನು ನನ್ನ ಡೈರಿಯಲ್ಲಿ ಬರೆದುಕೊಂಡ ಮಾತೇ ಅದು.

ಆ ರಾತ್ರಿ ಮನೆಯಲ್ಲಿ ಅವನ ರೆಕಾರ್ಡಿಂಗ್ ಹಾಕಿ, ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದೆ. ಅಪ್ಪ ಊಟ ಮಾಡುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು. ಫೋರ್ಟ್, ಅಟ್ಟ, ಹಾಸಿಗೆ ಸುರುಳಿ. ಅದು ಅಪ್ಪನದೇ ಕಥೆ. 1980ರ ದಶಕದಲ್ಲಿ ಕುಂದಾಪುರದ ಕಡೆಯಿಂದ ಬಂದು ಫೋರ್ಟ್‌ನ ಹೋಟೆಲಿನಲ್ಲಿ ಟೇಬಲ್ ಒರೆಸುತ್ತಾ ಅಲ್ಲೇ ಕನ್ನಡ ನೈಟ್ ಸ್ಕೂಲಿನಲ್ಲಿ ಓದಿದವರು ಅವರು. ನಮ್ಮ ಕರಾವಳಿಯ ಎಷ್ಟೋ ಹೋಟೆಲ್ ಹುಡುಗರು ಹಾಗೇ ಹತ್ತನೇ ಕ್ಲಾಸ್ ಪಾಸಾದರು. ಹಗಲೆಲ್ಲ ನಿಂತು ದುಡಿದು ರಾತ್ರಿ ಬೆಂಚಿನಲ್ಲಿ ಕೂತರೆ ಕಣ್ಣು ಮುಚ್ಚುತ್ತಿತ್ತಂತೆ.

‘ಅರ್ಧ ಪಾಠ ನಿದ್ದೆಯಲ್ಲೇ ಹೋಯ್ತು’ ಅಂದರು ಅಪ್ಪ. ‘ಆದರೆ ಎರಡು ದಿನ ಹೋಗದಿದ್ದರೆ ಮಾಷ್ಟ್ರು ಹೋಟೆಲಿಗೇ ಬರ್ತಿದ್ರು. ಒಂದು ಚಾ ಹೇಳಿ ಕೂತು, ಹುಡುಗ ಎಲ್ಲಿ ಅಂತ ಸೇಠ್ ಹತ್ತಿರ ಕೇಳ್ತಿದ್ರು. ಸೇಠ್‌ಗೆ ನಾಚಿಕೆಯಾಗಿ ನನ್ನ ಏಳು ಗಂಟೆಗೇ ಬಿಡ್ತಿದ್ರು.’

ಈ ಕಥೆ ನಾನು ಚಿಕ್ಕಂದಿನಿಂದ ಕೇಳಿದ್ದೆ. ಅವತ್ತು ಮಾತ್ರ ಅದರೊಳಗೆ ಭಾಂಡುಪ್‌ನ ಹುಡುಗಿಯ ಅಮ್ಮ ಕಂಡಳು, ನಮ್ಮ ಇತಿಹಾಸದ ಮೇಡಂ ಕಂಡರು. ಒಬ್ಬರು ಸಮಯ ಬಿಡಿಸಿಕೊಟ್ಟರು, ಇನ್ನೊಬ್ಬರು ಹೆಸರು ಕರೆದರು. ಮಾಷ್ಟ್ರು ಒಂದು ಚಾ ಕುಡಿಯುವಷ್ಟರಲ್ಲಿ ಎರಡನ್ನೂ ಮಾಡಿದ್ದರು.

ಮರುದಿನ ಕೂತು ಪ್ರಾಜೆಕ್ಟಿನ ಅಧ್ಯಾಯಗಳನ್ನು ಬದಲಿಸಿದೆ. ಲೈವ್‌ಗೆ ಒಂದು ಅಧ್ಯಾಯ, ರೆಕಾರ್ಡಿಂಗ್‌ಗೆ ಒಂದು ಅಂತ ಮೊದಲು ಹಂಚಿದ್ದೆ. ಅದನ್ನು ತೆಗೆದೆ. ಪಾಠ ಯಾವ ಹೊತ್ತಿಗೆ ಸಿಗುತ್ತದೆ ಅಂತ ಒಂದು ಅಧ್ಯಾಯ, ಆ ಹೊತ್ತನ್ನು ಮನೆಯಲ್ಲಿ ಯಾರು ಕಾಯುತ್ತಾರೆ ಅಂತ ಒಂದು, ತಪ್ಪಿಸಿಕೊಂಡರೆ ಯಾರು ಕೇಳುತ್ತಾರೆ ಅಂತ ಇನ್ನೊಂದು. ವಿವರಿಸುವ ಪಾಠ ರೆಕಾರ್ಡಿಂಗ್‌ನಲ್ಲೇ ಇರಲಿ, ಬಿ.ಕಾಂ. ಹುಡುಗಿಗೂ ಕೌಂಟರಿನ ಹುಡುಗನಿಗೂ ಅದೇ ದಾರಿ ಅಂತ ಬರೆದೆ. ಆದರೆ ವಾರಕ್ಕೆ ಒಮ್ಮೆ ಇಪ್ಪತ್ತು ನಿಮಿಷವಾದರೂ ಹತ್ತು ಹದಿನೈದು ಜನರ ಸಣ್ಣ ಗುಂಪಿನಲ್ಲಿ, ಅವರಿಗೆ ಆಗುವ ಹೊತ್ತಿನಲ್ಲಿ, ಹೆಸರು ಹಿಡಿದು ಕರೆಯುವ ಒಬ್ಬರು ಇರಲೇಬೇಕು ಅಂತಲೂ ಬರೆದೆ. ವಿಡಿಯೋ ಹಾಕಿ ಕೈ ತೊಳೆದುಕೊಳ್ಳುವುದು ಕಲಿಸುವ ಕೆಲಸ ಅಲ್ಲ ಅನ್ನುವ ಒಂದು ವಾಕ್ಯ ಇತ್ತು. ಅದು ಸ್ವಲ್ಪ ಖಾರ ಆಯಿತು ಅಂತ ಮೇಡಂ ಪೆನ್ಸಿಲಿನಲ್ಲಿ ಗೆರೆ ಎಳೆದರು. ನಾನು ತೆಗೆಯಲ್ಲ ಅಂದೆ. ಅವರು ಗೆರೆ ಅಳಿಸಿದರು.

ಬರೆದ ಮೇಲೆ ಸುಮ್ಮನೆ ಕೂರಲು ಆಗಲಿಲ್ಲ. ಕೌಂಟರಿನ ಹುಡುಗನಿಗೆ ಫೋನ್ ಮಾಡಿ, ಈ ಸಲದ ಅಸೈನ್‌ಮೆಂಟ್ ಯಾವಾಗ ಅಂತ ಕೇಳಿದೆ. ಪ್ರತಿ ಬುಧವಾರ ರಾತ್ರಿ 11:59ರೊಳಗೆ ಹಾಕಬೇಕು ಅಂದ. ‘ಹಾಗಾದ್ರೆ ಬುಧವಾರ ಹತ್ತು ಗಂಟೆಗೆ ನಾನು ಫೋನ್ ಮಾಡ್ತೀನಿ’ ಅಂದೆ. ನಾನು ಬಿಟ್ಟಿದ್ದ ಕೋರ್ಸಿಗೂ ಜನವರಿಯಲ್ಲಿ ಮತ್ತೆ ಹೆಸರು ಕೊಟ್ಟಿದ್ದೆ. ಅದನ್ನೂ ಅವನಿಗೆ ಹೇಳಿದೆ. ನನ್ನದಕ್ಕೂ ಅದೇ ಗಡುವು.

ಮಾತು ಎರಡು ನಿಮಿಷದ್ದು. ‘ನೋಡಿದ್ಯಾ?’ ‘ನೋಡಿದೆ ಅಕ್ಕ, ನಾಲ್ಕನೇ ಪ್ರಶ್ನೆ ತಿಳಿಯಲಿಲ್ಲ.’ ನನಗೆ ಅಕೌಂಟಿಂಗ್ ಬರುವುದಿಲ್ಲ. ಆ ಪ್ರಶ್ನೆಯನ್ನು ಬಿ.ಕಾಂ. ಹುಡುಗಿಗೆ ಕಳಿಸಿದೆ. ಅವಳು ಒಂದು ವಾಯ್ಸ್ ಮೆಸೇಜಿನಲ್ಲಿ ಕನ್ನಡದಲ್ಲೇ ಬಿಡಿಸಿ ಹೇಳಿದಳು. ಆ ಮೆಸೇಜನ್ನು ಅವನು ಮೂರು ಸಲ ಕೇಳಿದನಂತೆ. ಅವನು ಬಿಟ್ಟಿದ್ದ ಮೂರನೇ ವಾರ ದಾಟಿತು. ನಾನು ಬಿಟ್ಟಿದ್ದ ಐದನೇ ವಾರವೂ ದಾಟಿತು.

ಎಂಟನೇ ವಾರ ಪ್ರಾಜೆಕ್ಟ್ ಬೈಂಡಿಂಗ್‌ಗೆ ಕೊಡುವ ಗಡಿಬಿಡಿ. ದಿನವಿಡೀ ಓಡಾಡಿ, ಊಟ ಮಾಡಿ ಮಲಗಿಬಿಟ್ಟಿದ್ದೆ. ಫೋನ್ ಹೊಡೆದುಕೊಂಡಿತು. ಗಡಿಯಾರದಲ್ಲಿ ಹತ್ತು ಇಪ್ಪತ್ತು. ಹಿಂದೆ ಪಾತ್ರೆ ತೊಳೆಯುವ ಸದ್ದು, ಯಾರೋ ಶಟರ್ ಎಳೆಯುವ ಸದ್ದು.

‘ಅಕ್ಕ, ಇವತ್ತು ಬುಧವಾರ’ ಅಂದ. ‘ನಂದು ಹಾಕಿ ಆಯ್ತು. ನಿಮ್ದು ಆಯ್ತಾ?’

ಎದ್ದು ದೀಪ ಹಾಕಿದೆ. ಇನ್ನೂ ಹತ್ತು ಪ್ರಶ್ನೆ ಬಾಕಿ ಇದ್ದವು.